ಕಳಸಣ್ಣನ ದುಭಾಷಿ

ಸಾಗರ, 9 ಅಕ್ಟೋಬರ್ 1977, ಭಾನುವಾರ

ದೊಡ್ಡಪ್ಪನ ಜೀಪು ಬಂದರೆ ನಮ್ಮ ಬೀದಿಯ ನಾಯಿಗಳೂ ಎದ್ದು ನಿಲ್ಲುತ್ತವೆ. ಅಪ್ಪನೂ ಎದ್ದು ನಿಂತರು. ಅಮ್ಮನ ಅಕ್ಕನ ಗಂಡ, ಹೆಬ್ಬೈಲು ಚಂದ್ರಯ್ಯನವರು, ನಮ್ಮ ಮನೆಯ ಒಂದೇ ಒಂದು ಗಟ್ಟಿ ಕುರ್ಚಿಯಲ್ಲಿ ಕುಳಿತು ಕಾಫಿ ಲೋಟವನ್ನು ಮೂಸಿ ನೋಡಿ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಜರ್ಮನಿಯಿಂದ ಒಬ್ಬ ದೊಡ್ಡ ಪತ್ರಕರ್ತ ಬರ್ತಿದಾನೆ ಕಣೇ ಮಹಾಲಕ್ಷ್ಮೀ. ವ್ಯಾಪಾರ ವ್ಯವಹಾರದ ಮೇಲೇ ಬರೆಯೋನು. ಎರಡು ಪುಸ್ತಕ ಬರ್ದಿದಾನಂತೆ. ಬರೋ ವರ್ಷ ಅವರ ಪ್ರಾಂತ್ಯದ ಎಲೆಕ್ಷನ್ನಿಗೆ ಬೇರೆ ನಿಲ್ತಾನೆ. ಮೂರ್ನೇ ಪುಸ್ತಕದಲ್ಲಿ ನಮ್ಮನೆ ಬೇಸಾಯದ್ದು ಒಂದು ಅಧ್ಯಾಯ."

ಬರುವ ವರ್ಷ ಎಲೆಕ್ಷನ್ನಿಗೆ ದೊಡ್ಡಪ್ಪನೂ ನಿಲ್ಲುತ್ತಾರೆ. ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇಲ್ಲ. ಎರಡು ವರ್ಷದಿಂದ ಅವರು ಸಾವಿನ ಮನೆಗಳಿಗೆಲ್ಲ ತಪ್ಪದೆ ಹೋಗುತ್ತಿದ್ದಾರೆ.

"ನೀನು ಇಂಗ್ಲಿಷ್ ಎಂ.ಎ. ಮಾಡಿ ಹಪ್ಪಳ ಒಣಗಿಸ್ತಿದೀಯ. ಬಂದು ಅವನಿಗೆ ದುಭಾಷಿ ಆಗು. ಜೂನಿಗೆ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಪೋಸ್ಟು ನಿಂದೇ ಅಂತ ತಿಳ್ಕೊ."

"ಅವಳ ಮಾತು ಪಕ್ಕದಲ್ಲಿ ಕೂತೋರಿಗೇ ಕೇಳಲ್ಲ, ಚಂದ್ರಣ್ಣ," ಎಂದರು ಅಪ್ಪ.

"ಕೇಳದೇ ಇದ್ರೆ ಒಳ್ಳೇದೇ. ಹೆಣ್ಮಕ್ಕಳು ಜೋರಾಗಿ ಮಾತಾಡಿ ಯಾವ ಮನೆ ಉದ್ಧಾರ ಆಗಿದೆ?"

ಅಪ್ಪ ಹೇಳಿದ್ದು ನಿಜ. ಮೈಸೂರಿನಲ್ಲಿ ಕೊನೆಯ ವರ್ಷ ನಾನು ಪ್ರಬಂಧ ಓದಿ ಮುಗಿಸಿದಾಗ ಪ್ರೊಫೆಸರರು, "ಮುಂದಿನ ಸಲ ಧ್ವನಿಯನ್ನೂ ಜೊತೆಗೆ ಕರೆತನ್ನಿ," ಎಂದಿದ್ದರು. ಇಡೀ ತರಗತಿ ನಕ್ಕಿತ್ತು.

ಹೋಗಲು ಒಪ್ಪಿಗೆಯೇ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಹೆಬ್ಬೈಲು, 13 ಅಕ್ಟೋಬರ್, ಗುರುವಾರ

ಸಾಹೇಬ ಬಂದ. ಹೆಸರು ಎಗೊನ್ ಕ್ಲಾಸೆನ್. ಸಂಜೆಯ ಹೊತ್ತಿಗೆ ಊರಿನವರು ಅದನ್ನು ಕಳಸಣ್ಣ ಎಂದು ಮಾಡಿ ಮುಗಿಸಿದ್ದರು. ಎದುರಿಗೆ ಬಹುವಚನ ಇರಲಿ. ಈ ಡೈರಿಯಲ್ಲಿ ಏಕವಚನವೇ ಸಾಕು.

ಐವತ್ತರ ಆಸುಪಾಸಿನ ಮನುಷ್ಯ. ಚಡ್ಡಿ, ಮಂಡಿಯವರೆಗೆ ಕಾಲುಚೀಲ. ಇಷ್ಟು ಎತ್ತರದ ಆಳು ಇಷ್ಟು ಚಿಕ್ಕ ಚಡ್ಡಿ ಹಾಕಿ ದೇಶದ ಅರ್ಥವ್ಯವಸ್ಥೆಯ ಬಗ್ಗೆ ಮಾತಾಡುವುದನ್ನು ನಾನು ನೋಡಿದ್ದು ಇದೇ ಮೊದಲು. ಹುಂಚದಲ್ಲಿ ಬಸ್ಸಿಳಿದವರು ಬಸದಿಗೆ ಕೈಮುಗಿಯುತ್ತಾರೆ. ಇವನು ಬಸದಿಯ ಮುಂದಿನ ಹೂವಿನವಳ ಹತ್ತಿರ ಹೂವಿನ ಬೆಲೆ, ನಿನ್ನೆಯ ಬೆಲೆ, ಹಬ್ಬದ ದಿನದ ಬೆಲೆ ಕೇಳಿ ಬರೆದುಕೊಂಡನಂತೆ. ಇಲ್ಲಿಗೆ ಬಂದ ಮೇಲೆ ಎಮ್ಮೆಯ ಬೆಲೆ, ಹಂಡೆಯ ಬೆಲೆ, ದೊಡ್ಡಮ್ಮನ ಕಿವಿಯ ಬುಗುಡಿಯ ಬೆಲೆ.

"ಇನ್ನು ನನ್ನ ಬೆಲೆ ಒಂದು ಉಳೀತು," ಎಂದರು ತುಂಗಮ್ಮ ದೊಡ್ಡಮ್ಮ. "ಅದನ್ನು ನಿಮ್ಮ ದೊಡ್ಡಪ್ಪನ್ನೇ ಕೇಳಕ್ಕೆ ಹೇಳು."

ನಾನು ಅದನ್ನು ಅನುವಾದಿಸಲಿಲ್ಲ. ಅನುವಾದಿಸಿದ್ದನ್ನೂ ಅವನು ಕಿವಿಗೆ ಕೈಯಿಟ್ಟುಕೊಂಡು, ಬಗ್ಗಿ ಬಗ್ಗಿ ಕೇಳುತ್ತಿದ್ದ. "ಜೋರಾಗಿ, ದಯವಿಟ್ಟು ಜೋರಾಗಿ." ಇಂಗ್ಲಿಷಿನಲ್ಲಿ ಅವನಿಗೆ ಚೆನ್ನಾಗಿ ಬರುವ ವಾಕ್ಯ ಅದೊಂದೇ ಇರಬೇಕು.

16 ಅಕ್ಟೋಬರ್, ಭಾನುವಾರ

ದೊಡ್ಡಪ್ಪ ಇವನನ್ನು ಯಾಕೆ ಸಾಕುತ್ತಿದ್ದಾರೆ ಎಂದು ತಿಳಿಯಿತು.

ಮನೆಯ ಕೆಳಗೆ, ಹಳ್ಳದ ಪಕ್ಕ, ಕೆಳಬೈಲು ಎಂಬ ಗದ್ದೆ ಇದೆ. ಮೂರು ಎಕರೆ, ಈ ಸುತ್ತಿನಲ್ಲೇ ಒಳ್ಳೆಯ ಮಣ್ಣು. ಅದನ್ನು ಗುತ್ಯಮ್ಮನ ಮನೆಯವರು ಗೇಣಿಗೆ ಮಾಡುತ್ತಾ ಬಂದಿದ್ದಾರೆ: ಅವಳ ಮಾವ, ಆಮೇಲೆ ಗಂಡ ಬೆಳ್ಳಪ್ಪ, ಅವನು ತೀರಿಕೊಂಡ ಮೇಲೆ ಅವಳು. ಉಳುವವರಿಗೇ ಭೂಮಿ ಎಂದು ಕಾನೂನು ಬಂದದ್ದೇ ಅವಳೂ ಎಲ್ಲರಂತೆ, ಗದ್ದೆ ತನ್ನ ಹೆಸರಿಗೆ ಆಗಲೆಂದು, ಡಿಕ್ಲರೇಷನ್ ಹಾಕಿದಳು. ದೊಡ್ಡಪ್ಪ ತಕರಾರು ಹಾಕಿದರು: ಅವಳು ಗೇಣಿದಾರಳಲ್ಲ, ಕೂಲಿಯವಳು; ಕೆಳಬೈಲನ್ನು ನಾನೇ ಸ್ವಂತ ಬೇಸಾಯ ಮಾಡುತ್ತಿದ್ದೇನೆ. ಗೇಣಿ ಭತ್ತ ಅಳೆದದ್ದಕ್ಕೆ ರಸೀದಿ ಕೊಡುವ ಪದ್ಧತಿ ಇಲ್ಲಿ ಯಾರಿಗೂ ಇಲ್ಲ. ಸಾಕ್ಷಿ ಹೇಳಬೇಕಾದವರೆಲ್ಲ ದೊಡ್ಡಪ್ಪನ ಭತ್ತದ ಗಿರಣಿಗೇ ಬರಬೇಕು. ನವೆಂಬರ್ ಏಳಕ್ಕೆ ಭೂ ನ್ಯಾಯಮಂಡಳಿಯವರು ಸ್ಥಳಕ್ಕೆ ಬಂದು ವಿಚಾರಣೆ ಮಾಡುತ್ತಾರೆ. ಆ ದಿನ ದೊಡ್ಡಪ್ಪನ ಪಕ್ಕದಲ್ಲಿ ಒಬ್ಬ ಬಿಳಿಯ ನಿಷ್ಪಕ್ಷಪಾತಿ ಬೇಕು.

ಇವತ್ತು ಸಾಹೇಬ ಗುತ್ಯಮ್ಮನನ್ನು ಮಾತಾಡಿಸಬೇಕೆಂದ. ಅವಳು ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತಳು. ಸಣ್ಣ ಆಳು. ತುಂಬಾ ನೇರ ನಿಲುವು.

"ದಿನಗೂಲಿ ಎಷ್ಟು ಎಂದು ಕೇಳು," ಎಂದ ಸಾಹೇಬ.

ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಯಾವ ಕೂಲಿ, ಅಮ್ಮಾ?"

ದೊಡ್ಡಪ್ಪ ಕುರ್ಚಿಯಿಂದಲೇ ನಕ್ಕರು. "ಅವಳಿಗೆಂಥ ಗೊತ್ತಾಗುತ್ತೆ. ಮೂರೂವರೆ ರೂಪಾಯಿ ಅನ್ನು."

ಮೂರೂವರೆ ರೂಪಾಯಿ, ಎಂದೆ. ಸಾಹೇಬ ಬರೆದುಕೊಂಡ. ಗುತ್ಯಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಅಂಕೆಗಳು ಅವಳಿಗೆ ಬರುವುದಿಲ್ಲ ಎಂದು ಧೈರ್ಯ ತಂದುಕೊಂಡೆ. ನನ್ನ ಧೈರ್ಯವೆಲ್ಲ ಈ ಜಾತಿಯದು.

20 ಅಕ್ಟೋಬರ್, ಗುರುವಾರ

ಇವತ್ತು ಸಾಹೇಬ ತನ್ನ ಚರಿತ್ರೆ ಹೇಳಿದ. ಹೇಳೆಂದು ಯಾರೂ ಕೇಳಿರಲಿಲ್ಲ.

ಉತ್ತರ ಜರ್ಮನಿಯ ಒಂದು ಬಂದರಿನ ಊರು. ಅಪ್ಪನ ಅಂಗಡಿ ಯುದ್ಧದಲ್ಲಿ ಸುಟ್ಟುಹೋಯಿತು. ಇವನು ಹದಿನೆಂಟಕ್ಕೆ ಒಂದು ಪತ್ರಿಕೆಗೆ ಸೇರಿ ದಿನಾ ಬೆಳಿಗ್ಗೆ ಮೀನಿನ ದರ, ಕಲ್ಲಿದ್ದಲಿನ ದರ ಬರೆಯುತ್ತಿದ್ದನಂತೆ. ಅಲ್ಲಿಂದ ಬ್ಯಾಂಕುಗಳ ಬಗ್ಗೆ, ಮಂತ್ರಿಗಳ ಬಗ್ಗೆ ಬರೆದ, ಆಮೇಲೆ ಪುಸ್ತಕ, ಈಗ ಒಂದು ಪಕ್ಷದವರು ಟಿಕೆಟ್ ಕೊಟ್ಟಿದ್ದಾರೆ. ಇಷ್ಟು ದಿನ ಮಂತ್ರಿಗಳನ್ನು ಬೈದವನು ಈಗ ಮಂತ್ರಿಯಾಗಲು ಹೊರಟಿದ್ದಾನೆ. ಬೇರೆಯವರ ಅಡುಗೆಗೆ ಉಪ್ಪು ಕಡಿಮೆ ಎನ್ನುತ್ತಲೇ ಒಲೆಯ ಮುಂದೆ ಬಂದು ಕುಳಿತ ಹಾಗೆ.

ಅವನ ಸಿದ್ಧಾಂತ ಒಂದೇ. ತನ್ನದು ಎಂಬುದಿದ್ದರೆ ಮನುಷ್ಯ ನೆಟ್ಟಗಿರುತ್ತಾನೆ. ಅದಕ್ಕೊಂದು ಕಥೆಯನ್ನೂ ಇಟ್ಟುಕೊಂಡಿದ್ದಾನೆ: ಯುದ್ಧ ಮುಗಿದ ವರ್ಷ ಅವನ ತಾಯಿ ರೈಲುಹಳಿಯ ಪಕ್ಕದ ಯಾರದೋ ಪಾಳುಜಾಗ ಅಗೆದು ಆಲೂಗಡ್ಡೆ ಹಾಕಿದಳು. ಗಡ್ಡೆ ಕೀಳುವ ವಾರ ಜಾಗದ ಯಜಮಾನ ಬಂದು ಬೇಲಿ ಹಾಕಿದ. "ನನ್ನ ತಾಯಿ," ಎಂದ ಸಾಹೇಬ, ಧ್ವನಿ ಇಳಿಸಿ, "ಬೇಲಿಯ ಹೊರಗೆ ನಿಂತು ನೋಡಿದಳು."

ಧ್ವನಿ ಸರಿಯಾದ ಜಾಗದಲ್ಲಿ ಇಳಿಯಿತು. ಎಷ್ಟು ಸಭೆಗಳಲ್ಲಿ ಇಳಿಸಿ ಅಭ್ಯಾಸವೋ.

ದೊಡ್ಡಪ್ಪ ತಲೆದೂಗಿದರು. ಕೆಳಬೈಲು ಅವರ ಬೆನ್ನ ಹಿಂದೆಯೇ ಇತ್ತು, ಕಿಟಕಿಯಿಂದ ಕಾಣುತ್ತಿತ್ತು. ಇಬ್ಬರೂ ಆ ಕಡೆ ತಿರುಗಲಿಲ್ಲ.

25 ಅಕ್ಟೋಬರ್, ಮಂಗಳವಾರ

ನಾಳೆ ಭೂಮಿ ಹುಣ್ಣಿಮೆ. ತೆನೆ ಕಟ್ಟುವ ಹೊತ್ತಿನ ಭೂಮಿ ತುಂಬು ಬಸುರಿ. ಅವಳಿಗೆ ಬಯಕೆ ಊಟ ಹಾಕುವ ಹಬ್ಬ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲು, ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತಾರೆ. ಯಾರು ಬೇಸಾಯ ಮಾಡುತ್ತಾರೋ ಅವರೇ ಆ ಗದ್ದೆಗೆ ಉಣಿಸುವುದು. ಬೇರೆಯವರ ಗದ್ದೆಗೆ ಊಟ ಇಡುವವರಿಲ್ಲ. ಬೇರೆಯವರ ಮಗಳಿಗೆ ಸೀಮಂತ ಮಾಡಿದ ಹಾಗಾಗುತ್ತದೆ.

ದೊಡ್ಡಮ್ಮ ಇಷ್ಟು ವರ್ಷ ಮನೆಯ ಹಿಂದೆ ಎತ್ತರದಲ್ಲಿರುವ ಮಕ್ಕಿಗದ್ದೆಗೆ ಇಡುತ್ತಿದ್ದರು. ಇವತ್ತು ಊಟಕ್ಕೆ ಕುಳಿತಾಗ ದೊಡ್ಡಪ್ಪ ತಟ್ಟೆಯಿಂದ ಮುಖ ಎತ್ತದೆ, "ನಾಳೆ ಬುಟ್ಟಿ ಕೆಳಬೈಲಿಗೆ ಹೋಗ್ಲಿ," ಎಂದರು.

"ಅಲ್ಲಿ ಗುತ್ಯಮ್ಮ ಇಡ್ತಾಳಲ್ಲ?"

"ಈ ವರ್ಷ ಇಡಲ್ಲ. ಹೇಳಿ ಕಳ್ಸಿದೀನಿ. ಕಳಸಣ್ಣ ಫೋಟೋ ತೆಗೀತಾನೆ. ಫೋಟೋ ಮಂಡಳಿಯವರ ಮುಂದೆ ಇದ್ರೆ ಆಯ್ತು, ಯಾರ ಗದ್ದೆ ಅಂತ ಬೇರೆ ಹೇಳೋದೇ ಬೇಡ."

ದೊಡ್ಡಮ್ಮ ಕೈ ತೊಳೆದರು. ಅಟ್ಟದಿಂದ ಬುಟ್ಟಿ ಇಳಿಸಿದರು. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು, ಕೂದಲಿನಷ್ಟು ಸಣ್ಣ. "ಚಿತ್ತಾರ ಗುತ್ಯಮ್ಮಂದೇ," ಎಂದರು. "ನಮ್ಮ ಬುಟ್ಟಿಗೂ ಪ್ರತಿ ವರ್ಷ ಅವಳೇ ಬರ್ಕೊಡೋದು."

ಅವಳು ಬರೆದ ಬುಟ್ಟಿಯಲ್ಲೇ ಅವಳ ಗದ್ದೆಯನ್ನು ಹೊತ್ತು ತರುವುದು. ದೊಡ್ಡಪ್ಪನ ಬುದ್ಧಿಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ.

ಸಾಹೇಬನಿಗೆ ಹಬ್ಬದ ಅರ್ಥ ಹೇಳಿದೆ. ಅವನು 'ವಾರ್ಷಿಕ ಹೂಡಿಕೆ' ಎಂದು ಬರೆದುಕೊಂಡ.

26 ಅಕ್ಟೋಬರ್, ಬುಧವಾರ

ಲಾಟೀನು ಹಿಡಿದು ದೊಡ್ಡಪ್ಪ ಮುಂದೆ, ಬುಟ್ಟಿ ಹೊತ್ತ ದೊಡ್ಡಮ್ಮ ಹಿಂದೆ, ಆಮೇಲೆ ನಾನು, ಕೊನೆಗೆ ಕ್ಯಾಮೆರಾ ಹೊತ್ತ ಸಾಹೇಬ. ಗದ್ದೆಯ ಅಂಚಿನ ಮೇಲೆ ನಡೆಯಲು ಬರದೆ ಅವನ ಕಾಲುಚೀಲ ಎರಡೂ ಕೆಸರಿಗೆ ಹೋದವು. ಇವತ್ತಿನ ದಿನದಲ್ಲಿ ನನಗೆ ಸಂತೋಷ ಕೊಟ್ಟದ್ದು ಅದೊಂದೇ.

ಗುತ್ಯಮ್ಮ ಬಂದಿದ್ದಳು. ಗದ್ದೆಗಿಳಿಯದೆ ಮೇಲಿನ ಅಂಚಿನಲ್ಲಿ, ತಲೆಯ ಮೇಲೆ ತನ್ನ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ದೊಡ್ಡಪ್ಪ ನೋಡಿಯೂ ನೋಡದವರಂತೆ ಇದ್ದರು.

ದೊಡ್ಡಮ್ಮ ಗದ್ದೆಗೆ ಇಳಿದರು. ನಾಲ್ಕು ಹೆಜ್ಜೆ ಆ ಕಡೆ ಹೋದರು, ಮತ್ತೆ ಈ ಕಡೆ ಬಂದರು. ಭೂಮಿಗೆ ಉಣಿಸುವ ಜಾಗ ಒಂದೇ ಇರುತ್ತದೆ. ವರ್ಷಾ ವರ್ಷಾ ಅದೇ ಮೂಲೆ. ಅಲ್ಲಿನ ಪೈರಿನ ಬುಡಕ್ಕೇ ಕರಿಮಣಿ ಕಟ್ಟಬೇಕು, ಕೊಯ್ಲಾದ ಮೇಲೆ ಅದು ಅಲ್ಲೇ ಮಣ್ಣು ಸೇರುತ್ತದೆ; ಅಲ್ಲೇ ಕಡುಬು ಹೂಳಬೇಕು. ಜಾಗ ತಪ್ಪಿದರೆ ಬಸುರಿಯನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ. ದೊಡ್ಡಮ್ಮನಿಗೆ ಈ ಗದ್ದೆಯ ಜಾಗ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಅವರು ತಲೆ ಎತ್ತಿ, ಪಕ್ಕದ ಮನೆಯವಳ ಹತ್ತಿರ ಹೆಪ್ಪಿಗೆ ಮಜ್ಜಿಗೆ ಕೇಳುವಷ್ಟು ಸಹಜವಾಗಿ, ಕೂಗಿ ಕೇಳಿದರು:

"ಗುತ್ಯಮ್ಮಾ, ನೀವು ವರ್ಷಾನೂ ಯಾವ ಮೂಲೆಗೆ ಇಡ್ತಿದ್ರೇ?"

ಗುತ್ಯಮ್ಮ ಒಂದು ಕೈ ಚಾಚಿ ತೋರಿಸಿದಳು.

"ಅಲ್ಲೇ ಅಮ್ಮಾ, ಮತ್ತಿ ಮರದ ಕೆಳಗಿನ ಮೂಲಿಗೆ. ನಮ್ಮತ್ತೆ ಕಾಲದಿಂದ್ಲೂ ಅಲ್ಲೇ."

"ಬಾಯಿ ಮುಚ್ಚೇ!" ಎಂದರು ದೊಡ್ಡಪ್ಪ. ಯಾರಿಗೆ ಅಂದದ್ದೋ. ದೊಡ್ಡಮ್ಮ ಆಗಲೇ ಮತ್ತಿ ಮರದ ಕಡೆ ಹೊರಟಿದ್ದರು.

"ಏನು ಮಾತಾಡಿದರು?" ಸಾಹೇಬ ಬಗ್ಗಿ ಕೇಳಿದ.

ದೊಡ್ಡಪ್ಪ ಲಾಟೀನನ್ನು ನನ್ನ ಮುಖದ ಹತ್ತಿರ ತಂದರು. ಜೂನ್ ತಿಂಗಳು, ಹೈಸ್ಕೂಲು, ಅಪ್ಪನ ಮುರುಕು ಕುರ್ಚಿಗಳು ಎಲ್ಲ ಆ ಬೆಳಕಿನಲ್ಲಿ ಕಂಡವು.

"ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿಕೊಂಡರು," ಎಂದೆ.

ಪೂಜೆಯಾಯಿತು. ಇನ್ನು ಬೆರಕೆ ಸೊಪ್ಪಿನ ಅಂಬಲಿಯನ್ನು ಗದ್ದೆಗೆಲ್ಲ ಬೀರುತ್ತಾ, ಉಂಡು ಹೋಗೇ ತಾಯಿ ಎಂದು ಭೂಮಿಯನ್ನು ಕೂಗಿ ಕರೆಯಬೇಕು. ದೊಡ್ಡಮ್ಮನಿಗೆ ಉಬ್ಬಸ. "ನೀನು ಕೂಗೇ," ಎಂದರು. ಬಾಯಿ ತೆರೆದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ಮತ್ತೆ ತೆರೆದೆ. ಸಾಹೇಬ ನನ್ನ ತೆರೆದ ಬಾಯಿಯ ಫೋಟೋ ತೆಗೆದ.

ಆಗ ಮೇಲಿನ ಅಂಚಿನಿಂದ ಗುತ್ಯಮ್ಮ ಕೂಗಿದಳು. ಅವಳನ್ನು ಯಾರೂ ಕೇಳಿರಲಿಲ್ಲ. ಅಷ್ಟು ಸಣ್ಣ ಆಳಿನಿಂದ ಬಂದ ಆ ಕೂಗು ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬಂತು. ಆಮೇಲೆ ತನ್ನ ಬುಟ್ಟಿಯನ್ನು ಇಳಿಸದೆ ಹಾಗೇ ಹೊತ್ತು ಮನೆಗೆ ಹೋದಳು.

27 ಅಕ್ಟೋಬರ್, ಗುರುವಾರ

ಶುಭಾಶಯ. ಎಂ.ಎ. ಮಾಡಿದ್ದು ಸಾರ್ಥಕವಾಯಿತು.

31 ಅಕ್ಟೋಬರ್, ಸೋಮವಾರ

ತೀರ್ಥಹಳ್ಳಿಯಲ್ಲಿ ದೊಡ್ಡಪ್ಪ ಒಂದು ಸಭೆ ಮಾಡಿಸಿದರು. ವಿಷಯ: ಕೃಷಿಯಲ್ಲಿ ಸ್ವಾವಲಂಬನೆ. ಸಾಹೇಬನಿಗೆ ಏಲಕ್ಕಿ ಹಾರ. ಭಾಷಣದಲ್ಲಿ ಅದೇ ಆಲೂಗಡ್ಡೆ, ಅದೇ ಬೇಲಿ, ಅದೇ ಜಾಗದಲ್ಲಿ ಇಳಿಯುವ ಧ್ವನಿ. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕು. ಮೈಕು ಅವನಿಗೆ ಮಾತ್ರ, ಹಿಂದಿನಿಂದ ಯಾರೋ, "ಹುಡುಗೀ, ಇಲ್ಲಿಗೂ ಸ್ವಲ್ಪ ಬಡಿಸಮ್ಮಾ!" ಎಂದು ಕೂಗಿದರು. ಎಲ್ಲರೂ ನಕ್ಕರು. ಮತ್ತೆ ಹೇಳಿದೆ. ಮತ್ತೆ ಕೂಗಿದರು. ಮೂರನೆಯ ಸಲ ಸಿಟ್ಟು ಬಂತು, ಬೇಲಿಯ ಸಾಲು ಹೇಗೋ ಕೊನೆಯ ಬೆಂಚಿನವರೆಗೆ ಹೋಯಿತಂತೆ. ಹಾಳು ಆಲೂಗಡ್ಡೆಗಾಗಿ ಗಂಟಲು ನೋಯಿಸಿಕೊಂಡದ್ದು.

ಹಾರವನ್ನು ಸಾಹೇಬ ತೂಗಿಸಿ ನೋಡಿದ. ನಿಜವಾಗಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ.

6 ನವೆಂಬರ್, ಭಾನುವಾರ

ನಾಳೆ ಮಂಡಳಿ. ಸಂಜೆ ದೊಡ್ಡಮ್ಮ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ, "ಅವತ್ತು ನಾನು ಕೇಳ್ಬಾರ್ದಿತ್ತಂತೆ," ಎಂದರು.

"ಯಾರು ಹೇಳಿದರು?"

"ಅವರೇ. ಹತ್ತು ದಿನದಿಂದ ಅದನ್ನೇ ಹೇಳ್ತಿದಾರೆ. ಕೇಳ್ದೇ ಎಲ್ಲಿಗೆ ಇಡೋದು, ನೀನೇ ಹೇಳು. ನಡು ಗದ್ದೇಲಿ ಸುರಿದು ಬರಕ್ಕೆ ಅದೇನು ಕೋಳಿಗೆ ಹಾಕೋ ತೌಡಾ?"

7 ನವೆಂಬರ್, ಸೋಮವಾರ. ಹುಂಚದ ಬಸ್ ನಿಲ್ದಾಣ

ಬಸ್ಸಿಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಮಂಡಳಿಯವರು ಕೆಳಬೈಲಿನ ಪಕ್ಕದ ಕಣದಲ್ಲಿ ಮೇಜು ಹಾಕಿಸಿ ಕುಳಿತರು. ಅಧ್ಯಕ್ಷರು, ಸದಸ್ಯರು, ಒಬ್ಬ ಗುಮಾಸ್ತೆ. ಒಂದು ಕಡೆ ದೊಡ್ಡಪ್ಪನ ಗಿರಣಿಯ ಗಿರಾಕಿಗಳು. ಇನ್ನೊಂದು ಕಡೆ ಗುತ್ಯಮ್ಮ, ಅವಳ ಮೈದುನ ನಿಂಗಪ್ಪ, ಅವರ ಕೇರಿಯವರು.

ಗುತ್ಯಮ್ಮನನ್ನು ಮೊದಲು ಕೇಳಿದರು. ರಸೀದಿ ಇದೆಯೇ? ಇಲ್ಲ. ಸಾಕ್ಷಿ? ಅವಳು ಗಿರಣಿಯ ಗಿರಾಕಿಗಳ ಕಡೆ ನೋಡಿದಳು. ಅವರು ತಮ್ಮ ಕಾಲಿನ ಬೆರಳುಗಳನ್ನು ನೋಡಿಕೊಂಡರು.

ಆಮೇಲೆ ದೊಡ್ಡಪ್ಪ ಎದ್ದು, ಹೊರದೇಶದ ಪತ್ರಕರ್ತರೊಬ್ಬರು ಮೂರು ವಾರದಿಂದ ನಮ್ಮ ಬೇಸಾಯವನ್ನು ಕಣ್ಣಾರೆ ನೋಡಿದ್ದಾರೆ, ಯಾರ ಕಡೆಯವರೂ ಅಲ್ಲ, ಅವರ ಮಾತನ್ನೂ ಕೇಳಬೇಕು ಎಂದರು. ಅಧ್ಯಕ್ಷರಿಗೆ ಕುತೂಹಲ. "ಸದಸ್ಯರಿಗೂ ಜನರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿ," ಎಂದು ನನಗೆ ಹೇಳಿದರು.

ಸಾಹೇಬ ಹೇಳಿದ: ಚಂದ್ರಯ್ಯನವರು ಆಧುನಿಕ ರೈತ. ಕೂಲಿಯವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹಬ್ಬದ ದಿನ ಅವರ ಹೆಂಡತಿಯೇ ಈ ಹೊಲಕ್ಕೆ ಪೂಜೆ ಮಾಡಿದ್ದನ್ನು ನೋಡಿದೆ, ಫೋಟೋ ಇದೆ. ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಇಳಿಸಿದೆ. ಇಳಿಸುವಾಗ ಗುತ್ಯಮ್ಮನ ಕಡೆ ನೋಡಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ಅವನು ಇನ್ನೊಂದು ಸೇರಿಸಿದ: "ಈ ಕೂಲಿ ಹೆಂಗಸು ಕೂಡ ಬಂದಿದ್ದಳು. ಇಬ್ಬರೂ ಶುಭಾಶಯ ಹೇಳಿಕೊಂಡರು. ಬಹಳ ಸುಂದರವಾದ ಸಂಬಂಧ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಅವರು ಈ ಸೀಮೆಯವರೇ ಇರಬೇಕು, ತುಟಿಯಲ್ಲಿ ಸಣ್ಣ ನಗು ಬಂತು. "ಶುಭಾಶಯವೇ? ನಮ್ಮ ಕಡೆ ಹೆಂಗಸರು ಭೂಮಿ ಹುಣ್ಣಿಮೆ ದಿನ ಗದ್ದೆಯಲ್ಲಿ ಶುಭಾಶಯ ಹೇಳಿಕೊಳ್ಳುವುದನ್ನು ನಾನು ಕೇಳಿಲ್ಲ. ಏನೆಂದು ಹೇಳಿಕೊಂಡರಮ್ಮ? ಅವರ ಮಾತಿನಲ್ಲೇ ಹೇಳಿ."

ದೊಡ್ಡಪ್ಪ ಕೆಮ್ಮಿದರು.

ಸುಳ್ಳು ಇಂಗ್ಲಿಷಿನಲ್ಲಿ ಸುಲಭವಾಗಿ ಬಂದಿತ್ತು. ಅದನ್ನೇ ಕನ್ನಡದಲ್ಲಿ ಕಟ್ಟಲು ಹೋದೆ. ದೊಡ್ಡಮ್ಮ 'ಹಬ್ಬದ ಶುಭಾಶಯಗಳು ಗುತ್ಯಮ್ಮ' ಎನ್ನುವುದು! ಆ ವಾಕ್ಯ ಎಷ್ಟು ಹಾಸ್ಯಾಸ್ಪದವಾಗಿತ್ತೆಂದರೆ ಬಾಯಿಗೆ ಬರಲೇ ಇಲ್ಲ. ಬಂದದ್ದು ಇನ್ನೊಂದು.

"ನೀವು ವರ್ಷಾನೂ ಯಾವ ಮೂಲೆಗೆ ಇಡ್ತಿದ್ರಿ ಅಂತ ದೊಡ್ಡಮ್ಮ ಕೇಳಿದರು."

"ಕೇಳ್ತಿಲ್ರೋ!" ಎಂದ ನಿಂಗಪ್ಪ ಹಿಂದಿನಿಂದ. "ಜೋರಾಗಿ ಹೇಳ್ರಮ್ಮಾ!"

ಮತ್ತೆ ಹೇಳಿದೆ. "ಎಂಥದಂತೆ?" ಎಂದು ಇನ್ನೊಬ್ಬರು. ಈ ಊರಿನವರಿಗೆಲ್ಲ ಕಿವಿಗೆ ಏನಾಗಿದೆಯೋ. ನಾನು ಮೇಜಿನ ಅಂಚು ಹಿಡಿದುಕೊಂಡು, ಒಂದೊಂದೇ ಮಾತನ್ನು, ಗಿರಣಿಯ ಗಿರಾಕಿಗಳವರೆಗೂ ಹೋಗುವಂತೆ ಹೇಳಿದೆ: "ಈ ಗದ್ದೆಗೆ ಎಲ್ಲಿ ಊಟ ಇಡಬೇಕು ಅಂತ ನಮ್ಮ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ಗುತ್ಯಮ್ಮನನ್ನು ಕೇಳಿದರು. ಮತ್ತಿ ಮರದ ಮೂಲೆ, ನಮ್ಮ ಅತ್ತೆಯ ಕಾಲದಿಂದಲೂ ಅಲ್ಲೇ, ಅಂತ ಗುತ್ಯಮ್ಮ ಹೇಳಿದರು. ದೊಡ್ಡಮ್ಮ ಅಲ್ಲೇ ಇಟ್ಟರು. ಶುಭಾಶಯ ಅಂದದ್ದು ನನ್ನ ಸುಳ್ಳು."

ಅಧ್ಯಕ್ಷರು ದೊಡ್ಡಮ್ಮನಿಗೆ ಹೇಳಿ ಕಳಿಸಿದರು. ಅವರು ಕೈ ಒರೆಸಿಕೊಳ್ಳುತ್ತಾ ಬಂದರು, ಅಡುಗೆ ಅರ್ಧದಲ್ಲಿ ಬಿಟ್ಟು ಬಂದವರ ಅವಸರದಲ್ಲಿ.

"ಈ ಹುಡುಗಿ ಹೇಳ್ತಿರೋದು ನಿಜವಾ, ಅಮ್ಮ?"

ದೊಡ್ಡಮ್ಮ ಗಂಡನ ಕಡೆ ಒಮ್ಮೆ ನೋಡಿದರು. ಆಮೇಲೆ ಮತ್ತಿ ಮರದ ಕಡೆ.

"ಹೌದು, ಕೇಳ್ದೆ. ಭೂಮ್ತಾಯಿಗೆ ಜಾಗ ತಪ್ಸಿ ಉಣ್ಸಕ್ಕಾಗುತ್ತಾ? ಬೇಕಾದ್ರೆ ಅಲ್ಲಿ ಅಗೆದು ನೋಡಿ, ನನ್ನ ಕಡುಬಿನ ಕೆಳಗೆ ಅವರ ಕರಿಮಣಿಗಳೇ ಸಿಗ್ತಾವೆ." ಆಗಲೇ ಮನೆಯ ಕಡೆ ತಿರುಗಿ, "ನಾನು ಹೋಗ್ಲಾ? ಒಲೆ ಮೇಲೆ ಹಾಲಿದೆ," ಎಂದರು.

ಸದಸ್ಯರೊಬ್ಬರು ನಿಜವಾಗಿಯೂ ಅಗೆಸಿದರು. ಮಣ್ಣು ಹಿಡಿದ ಕರಿಮಣಿ ಎಳೆಗಳು ಒಂದರ ಕೆಳಗೊಂದು ಬಂದವು. ಅದನ್ನು ನೋಡಿದ ಮೇಲೆ ಗಿರಣಿಯ ಗಿರಾಕಿಗಳಲ್ಲಿ ಇಬ್ಬರಿಗೆ ಬೆಳ್ಳಪ್ಪ ಗೇಣಿ ಭತ್ತ ಹೊತ್ತು ತರುತ್ತಿದ್ದದ್ದು ಇದ್ದಕ್ಕಿದ್ದಂತೆ ನೆನಪಾಯಿತು.

ಸಾಹೇಬನಿಗೆ ಯಾರೂ ಹೇಳದಿದ್ದರೂ ಕರಿಮಣಿ, ದೊಡ್ಡಪ್ಪನ ಮುಖ ನೋಡಿ ವಿಷಯ ತಿಳಿಯಿತು. ಅವನ ಮುಖ ಕೆಂಪಾಯಿತು. ಕೋಪವೆಂದುಕೊಂಡೆ. ಅಲ್ಲ. ಅವನು ಎದ್ದು ನಿಂತು, ಕೈ ಚಾಚಿ ಗುತ್ಯಮ್ಮನನ್ನು ತೋರಿಸಿ, ಹೊಸ ಭಾಷಣ ಶುರುಮಾಡಿದ. ಬೆವರು ಸುರಿಸಿದವರಿಗೇ ಭೂಮಿ. ಇದು ತನ್ನ ಜೀವನದ ಸಿದ್ಧಾಂತ. ಯುದ್ಧ ಮುಗಿದ ವರ್ಷ, ರೈಲುಹಳಿಯ ಪಕ್ಕ, ಆಲೂಗಡ್ಡೆ. "ನನ್ನ ತಾಯಿ..." ಧ್ವನಿ ಇಳಿಯಿತು. ಅದೇ ಜಾಗದಲ್ಲಿ. ಮೂರು ವಾರ ಬೇಲಿ ಹಾಕುವವನ ಮನೆಯಲ್ಲಿ ತುಪ್ಪ ಸುರಿದುಕೊಂಡು ಉಂಡವನು, ಒಂದು ನಿಮಿಷದಲ್ಲಿ ಬೇಲಿಯ ಹೊರಗೆ ಬಂದು ನಿಂತುಬಿಟ್ಟಿದ್ದ.

ಎಲ್ಲರೂ ನನ್ನನ್ನು ನೋಡಿದರು. "ಎಂಥ ಹೇಳ್ತಾನೆ ಕಳಸಣ್ಣ?" ಎಂದ ನಿಂಗಪ್ಪ.

"ಏನಿಲ್ಲ," ಎಂದೆ. "ಅವನ ಊರಿನ ಆಲೂಗಡ್ಡೆ ವಿಷಯ."

ದೊಡ್ಡಪ್ಪ ಬೈಯಲಿಲ್ಲ. ಜೀಪಿನವನಿಗೆ, "ಇವಳನ್ನ ಹುಂಚಕ್ಕೆ ಬಿಟ್ಟು ಬಾ," ಎಂದರು, ಗೊಬ್ಬರದ ಚೀಲದ ಬಗ್ಗೆ ಹೇಳುವ ಹಾಗೆ. ದೊಡ್ಡಮ್ಮ ಹಿತ್ತಿಲ ಬಾಗಿಲಿನಿಂದ ಬಂದು ಒಂದು ಪೊಟ್ಟಣ ಕೈಗಿಟ್ಟರು. ಕಾಳುಮೆಣಸು ಮತ್ತು ಬೆಲ್ಲ. "ಗಂಟ್ಲಿಗೆ," ಎಂದರು.

ಸಾಗರ, 9 ನವೆಂಬರ್, ಬುಧವಾರ

ಗಂಟಲು ಪೂರ್ತಿ ಹೋಗಿದೆ. ಅಮ್ಮ ಅಕ್ಕನ ಮನೆಯ ಸಂಬಂಧ ಹಾಳಾಯಿತೆಂದು ಅಳುತ್ತಾಳೆ, ಕಷಾಯವನ್ನೂ ಮಾಡಿಕೊಡುತ್ತಾಳೆ. ಅಪ್ಪ ಹೈಸ್ಕೂಲಿನ ವಿಷಯ ಎತ್ತಲಿಲ್ಲ. ಗಟ್ಟಿ ಕುರ್ಚಿಯನ್ನು ನನ್ನ ಹಾಸಿಗೆಯ ಪಕ್ಕ ತಂದಿಟ್ಟು, ಅದರಲ್ಲಿ ತಾವೇ ಕುಳಿತು ಪೇಪರ್ ಓದಿದರು.

24 ಮಾರ್ಚ್ 1978, ಶುಕ್ರವಾರ

ಕೆಳಬೈಲು ಗುತ್ಯಮ್ಮನ ಹೆಸರಿಗೆ ಆಯಿತೆಂದು ನಿಂಗಪ್ಪ ಸಂತೆಗೆ ಬಂದವನು ಹೇಳಿ ಹೋದ. ಬಾಗಿಲಲ್ಲೇ ನಿಂತು ಹೇಳಿದ. ಒಳಗೆ ಬಾ ಎಂದರೂ ಬರಲಿಲ್ಲ. ದೊಡ್ಡಪ್ಪ ಟಿಕೆಟ್ ಸಿಗದೆ, ಸ್ವತಂತ್ರವಾಗಿ ನಿಂತು, ಠೇವಣಿ ಕಳೆದುಕೊಂಡರು. ಅಷ್ಟು ಸಾವಿನ ಮನೆಗಳಿಗೆ ಹೋದದ್ದು ವ್ಯರ್ಥ.

ನಾನು ಪೇಟೆಯ ಒಂದು ಟುಟೋರಿಯಲ್‌ನಲ್ಲಿ ಎಸ್.ಎಸ್.ಎಲ್.ಸಿ. ಫೇಲಾದವರಿಗೆ ಇಂಗ್ಲಿಷ್ ಹೇಳುತ್ತೇನೆ. ಪಕ್ಕದಲ್ಲೇ ಮರ ಕೊಯ್ಯುವ ಮಿಲ್ಲು. ಹಿಂದಿನ ಬೆಂಚಿನ ಕತ್ತೆಗಳು ಸುಮ್ಮನಿರುವುದಿಲ್ಲ. ಮಿಲ್ಲಿನವರೇ ಬಂದು, ನಿಮ್ಮ ಮೇಡಂಗೆ ಸ್ವಲ್ಪ ಮೆಲ್ಲಗೆ ಪಾಠ ಮಾಡಲು ಹೇಳಿ ಎಂದರಂತೆ. ಅಹಂಕಾರ.

29 ಸೆಪ್ಟೆಂಬರ್, ಶುಕ್ರವಾರ

ಜರ್ಮನಿಯಿಂದ ಪುಸ್ತಕ ಬಂದಿದೆ. ದಪ್ಪ ರಟ್ಟು, ಒಳ್ಳೆಯ ಕಾಗದ, ಒಂದಕ್ಷರವೂ ತಿಳಿಯದು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಸಾಹೇಬ ಗೆದ್ದ. ಹೆಬ್ಬೈಲಿನ ಅಧ್ಯಾಯವನ್ನು ಎಲ್ಲರೂ ಮೆಚ್ಚಿದ್ದಾರೆ, ಸಭೆಗಳಲ್ಲಿ ಓದಿ ಹೇಳಿದಾಗ ಜನ ಕಣ್ಣು ಒರೆಸಿಕೊಂಡರು. ನನ್ನ ಬಗ್ಗೆಯೂ ಒಂದು ವಾಕ್ಯ ಇದೆಯಂತೆ: 'ನನ್ನ ದುಭಾಷಿ ಎಷ್ಟು ನಾಚಿಕೆಯ ಹುಡುಗಿಯೆಂದರೆ ಅವಳ ಮಾತು ಕೇಳಲು ನಾನು ಬಾಗಬೇಕಾಗುತ್ತಿತ್ತು.'

ಸುಳ್ಳು. ಅವನ ಕಿವಿಯೇ ಮಂದ.

ನಡುವೆ ಒಂದು ಇಡೀ ಪುಟದ ಫೋಟೋ. ಲಾಟೀನಿನ ಬೆಳಕಿನಲ್ಲಿ ಬುಟ್ಟಿ ಹಿಡಿದ ದೊಡ್ಡಮ್ಮ, ಕಿವಿಯ ಬುಗುಡಿ ಹೊಳೆಯುತ್ತಿದೆ. ಕೆಳಗಿನ ಸಾಲಿನಲ್ಲಿ ನನಗೆ ಓದಲು ಬಂದದ್ದು ಒಂದೇ ಒಂದು ಪದ. ಗುತ್ಯಮ್ಮ.

ದೊಡ್ಡಮ್ಮ ಮೊನ್ನೆಯಿಂದ ಇಲ್ಲೇ ಇದ್ದಾರೆ, ವೈದ್ಯರಿಗೆ ತೋರಿಸಲು ಬಂದವರು. ಗಂಡ ಇನ್ನೂ ಮಾತು ಬಿಟ್ಟಿದ್ದಾರಂತೆ. "ಒಳ್ಳೇದೇ ಆಯ್ತು, ಮನೆ ತಣ್ಣಗಿದೆ," ಎನ್ನುತ್ತಾರೆ. ಫೋಟೋವನ್ನು ದೂರ ಹಿಡಿದು ನೋಡಿದರು.

"ಚಂದ ಬಂದಿದೆ. ಹೆಸರು ಯಾರ್ದಾದ್ರೆ ಎಂಥ."

16 ಅಕ್ಟೋಬರ್ 1978, ಸೋಮವಾರ. ಹುಂಚದ ಬಸ್ ನಿಲ್ದಾಣ

ಭೂಮಿ ಹುಣ್ಣಿಮೆ. ಗುತ್ಯಮ್ಮ ಹೇಳಿ ಕಳಿಸಿದ್ದಳು, ನಿನ್ನೆ ಅವಳ ಮನೆಗೆ ಹೋದೆ. ಪುಸ್ತಕ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಮ್ಮೋರ ಮುಖಕ್ಕೆ ನನ್ನ ಹೆಸ್ರಾ? ಹೋಗ್ಲಿ ಬಿಡಿ. ಬುಟ್ಟಿ ನಂದೇ."

ಬೆಳಕು ಹರಿಯುವ ಮೊದಲು ಮತ್ತಿ ಮರದ ಮೂಲೆಗೆ ಹೋದೆವು. ಕರಿಮಣಿ ಕಟ್ಟಿ, ಕಡುಬು ಹೂತು ಆಯಿತು. ಅಂಬಲಿ ಬೀರುವ ಹೊತ್ತಿಗೆ ಗುತ್ಯಮ್ಮ, "ಈ ವರ್ಷ ನೀವೇ ಕೂಗ್ರಮ್ಮ. ಹೋದ ವರ್ಷದ್ದು ಬಾಕಿ ಐತಲ್ಲ," ಎಂದಳು. ಅವಳಿಗೆ ನೆಗಡಿಯೂ ಆಗಿತ್ತು.

ಕೂಗಿದೆ. ಎದುರಿನ ಗುಡ್ಡದಿಂದ ಯಾರೋ ಅಣಕಿಸಿದಂತೆ ವಾಪಸು ಬಂತು. ಅಂಚಿನ ಮೇಲೆ ಬೆಳ್ಳಕ್ಕಿಗಳು ಎದ್ದವು. ನಿಂಗಪ್ಪ ಕಿವಿ ಮುಚ್ಚಿಕೊಂಡ, ಅವನಿಗೆ ಎಲ್ಲದಕ್ಕೂ ತಮಾಷೆ. ನನ್ನ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಹೊಸದು.

ಮೇಲಿನ ಮನೆಯ ಮಾಳಿಗೆಯಲ್ಲಿ ದೀಪ ಹೊತ್ತಿತು. ದೊಡ್ಡಪ್ಪನಿಗೆ ನಿದ್ದೆ ಕೆಟ್ಟಿರಬೇಕು.

ಕೆಡಲಿ.